ನೊರೆಯಕ್ಕನ ಸರದಿ

ಅಜ್ಜಿ ಸತ್ತು ಒಂದು ವಾರವಾಗಿತ್ತು. ದೊಡ್ಡಪ್ಪ ನಮ್ಮ ಮನೆಗೆ ಬಂದ. ಹೊಸ್ತಿಲು ದಾಟಿದವನು ಮೊದಲು ಮಾಡಿದ ಕೆಲಸವೆಂದರೆ ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡದ್ದು. ಬಂದರು ಎನ್ನಬೇಕು, ನನಗೂ ಗೊತ್ತು. ಎದುರಿಗಿದ್ದರೆ ನೀವು, ನಿಮ್ಮ ಎಲ್ಲ ಬಾಯಿಗೆ ಬರುತ್ತದೆ. ಹಿಂದಿನಿಂದ ಹೇಳುವಾಗ ನಾಲಿಗೆ ಏಳುವುದಿಲ್ಲ.

"ಇನ್ನೂ ವಾಸನೆ ಹೋಗಿಲ್ವಲ್ಲಮ್ಮ," ಎಂದು ನನ್ನ ಅಮ್ಮನಿಗೆ ಹೇಳಿದ.

ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಕಾಲು ನಿಲ್ಲಿಸದೆ ಹೇಳಿದಳು, "ಯಾವ ವಾಸನೆ ಭಾವ? ರೂಮು ಮೂರು ಸಲ ತೊಳೆದಿದೀನಿ. ಈಗ ಬರ್ತಿರೋದು ಸೋಪಿಂದು."

"ಅದೇ ಅದೇ. ಆ ಸೋಪಿನ ವಾಸನೇನೇ ನಂಗೆ ಚಿಕ್ಕಂದಿನಿಂದ ಆಗಲ್ಲ."

ದೊಡ್ಡಪ್ಪನಿಗೆ ಪೇಟೆಯ ದೊಡ್ಡ ರಸ್ತೆಯಲ್ಲಿ ಅಂಗಡಿಯಿದೆ. ಮಾರುವುದು ಕಮೋಡು, ಸಿಂಕು, ಬಚ್ಚಲಿನ ಟೈಲ್ಸು. ಊರವರ ಕಕ್ಕಸಿನಿಂದಲೇ ಮೂರು ಅಂತಸ್ತಿನ ಮನೆ ಕಟ್ಟಿದವನು, ಹೆತ್ತ ತಾಯಿ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಅವಳ ಕೋಣೆಗೆ ನಾಲ್ಕು ಸಲ ಬಂದ. ನಾಲ್ಕು ಸಲವೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಹೇಗಿದೀಯಮ್ಮ?" ಎಂದು ಕೇಳಿ, ಉತ್ತರ ಬರುವ ಮೊದಲೇ ಗಡಿಯಾರ ನೋಡಿದ. ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇನ್ನೂ ಒಂದು ಕೈ ಮೇಲೆ. ಅವಳು ಶಾಲೆಯ ಮುಖ್ಯೋಪಾಧ್ಯಾಯಿನಿ. ಬರುವಾಗಲೆಲ್ಲ ಒಂದು ಅತ್ತರಿನ ಬಾಟಲಿ ತಂದು ಕೋಣೆಗೆಲ್ಲ ಹೊಡೆದು ಹೋಗುತ್ತಿದ್ದಳು. ಅಜ್ಜಿ ಒಂದು ಸಲ, "ನೊಣ ಹೊಡೆಯೋ ಔಷಧಿ ತಂದ್ಲೇನೇ?" ಎಂದು ನನ್ನನ್ನು ಕೇಳಿದಳು. ನಾನು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಅಜ್ಜಿಯನ್ನು ನೋಡಿಕೊಂಡವರು ಅಮ್ಮ ಮತ್ತು ನಾನು. ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಾಯಿಸಬೇಕು, ಒರೆಸಬೇಕು, ಪುಡಿ ಹಾಕಬೇಕು, ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಬೇಕು. ಮಲಗಿದ್ದಲ್ಲಿಂದಲೇ ಅವಳು ಮೇಸ್ತ್ರಿಕೆ ಮಾಡುತ್ತಿದ್ದಳು. "ಏ ಮೆಣಸಿನಕಾಯಿ, ರಕ್ತದ ಕಲೆಗೆ ಬಿಸಿನೀರು ಹಾಕಬೇಡ್ವೇ, ಕಚ್ಕೊಂಬಿಡುತ್ತೆ. ಮೊದಲು ತಣ್ಣೀರು. ಮೂವತ್ತೊಂದು ವರ್ಷ ಮಾಡಿದೀನಿ, ನಂಗೆ ಹೇಳ್ಕೊಡ್ತೀಯಾ?" ಮೆಣಸಿನಕಾಯಿ ಎಂದರೆ ನಾನು. ನನಗೆ ಮೂಗಿನ ತುದಿಯಲ್ಲೇ ಕೋಪವಂತೆ.

ಮೂವತ್ತೊಂದು ವರ್ಷ ಅಜ್ಜಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದಳು. ಗಂಡ ಸತ್ತಾಗ ಅಪ್ಪ ಇನ್ನೂ ಮೊಲೆಹಾಲಿನ ಕೂಸು. ಆಪರೇಷನ್ ಕೋಣೆಯ ಬಟ್ಟೆ, ಹೆರಿಗೆ ವಾರ್ಡಿನ ಬಟ್ಟೆ, ಸತ್ತವರಿಗೆ ಹೊದಿಸಿದ ಬಟ್ಟೆ ಎಲ್ಲ ಗಂಟು ಕಟ್ಟಿ ಬರುತ್ತಿದ್ದವು. ಆಗ ಯಂತ್ರಗಳು ಕಡಿಮೆ. ತೊಟ್ಟಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿ ಬರಿಗೈ ಅದ್ದಬೇಕು. ಅವಳ ಬೆರಳುಗಳ ತುದಿ ಬೆಳ್ಳಗೆ ಸುಟ್ಟ ಹಾಗಿದ್ದವು. ಆರು ಬೆರಳಿಗೆ ಉಗುರೇ ಇರಲಿಲ್ಲ. ಆ ಕೈಯಿಂದ ಮುಖ ಸವರಿದರೆ ಗರಗರ ಅನ್ನುತ್ತಿತ್ತು. ಆ ಸಂಬಳದಲ್ಲಿ ದೊಡ್ಡಪ್ಪ ಕಾಲೇಜು ಮುಗಿಸಿದ, ಅತ್ತೆ ಟೀಚರಾದಳು, ಅಪ್ಪ ಲಿಫ್ಟ್ ರಿಪೇರಿ ಕಲಿತ.

ಇನ್ನು ದೊಡ್ಡಪ್ಪ ಬಂದ ವಿಷಯಕ್ಕೆ ಬರುತ್ತೇನೆ.

"ಅಮ್ಮನ ಹೆಸರಲ್ಲಿ ಒಂದು ಸಭೆ ಮಾಡ್ಬೇಕು ಅಂತಿದೀನಿ," ಎಂದ. "ನೆನಪಿನ ಸಭೆ. ವರ್ತಕರ ಸಂಘದ ಹಾಲ್‌ನಲ್ಲಿ. ಇನ್ನು ಐದನೇ ಭಾನುವಾರಕ್ಕೆ ಹಾಲ್ ಹಿಡಿದಿದೀನಿ. ಊಟದ ಏರ್ಪಾಡು, ಒಂದು ಪುಸ್ತಕ, ದೊಡ್ಡ ಫೋಟೋ, ನಾಲ್ಕು ಮಾತು. ನೂರೈವತ್ತು ಜನ ಬರ್ತಾರೆ."

"ಅತ್ತೇನ ಗೊತ್ತಿರೋರು ನೂರೈವತ್ತು ಜನ ಎಲ್ಲಿದಾರೆ ಭಾವ?" ಅಮ್ಮ ಕೇಳಿದಳು.

"ನನ್ನನ್ನ ಗೊತ್ತಿರೋರು ಇದಾರಲ್ಲಮ್ಮ!"

ಅದರ ಮುಂದಿನ ತಿಂಗಳು ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ದೊಡ್ಡಪ್ಪ ನಿಂತಿದ್ದ. ಅಪ್ಪನಿಗೂ ಗೊತ್ತಿತ್ತು. ಅಪ್ಪ ತಲೆ ಕೆರೆದುಕೊಂಡು, "ನೀನು ಹೇಗೆ ಹೇಳ್ತೀಯೋ ಹಾಗೆ ಅಣ್ಣ," ಎಂದ. ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲಿನ ದೀಪ. ಇಡೀ ಊರಿನ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸುವ ಮನುಷ್ಯ, ಅಣ್ಣನೆದುರು ಎರಡು ಅಂತಸ್ತಿನ ನಡುವೆ ಸಿಕ್ಕಿಕೊಳ್ಳುತ್ತಾನೆ.

"ಫೋಟೋ ಕೆಲಸ ನಿಂದು," ಎಂದು ದೊಡ್ಡಪ್ಪ ನನ್ನತ್ತ ತಿರುಗಿದ. "ಸ್ಟುಡಿಯೋದಲ್ಲಿ ಇರೋದು ಮತ್ಯಾಕೆ?"

ನಾನು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಮದುಮಗಳ ಮೊಡವೆ ಅಳಿಸುವುದು, ಬೊಕ್ಕತಲೆಗೆ ಕೂದಲು ಬೆಳೆಸುವುದು, ಸತ್ತವರ ಅರೆಮುಚ್ಚಿದ ಕಣ್ಣು ತೆರೆಸುವುದು. ಬಡವರ ಮನೆಯ ಮುದುಕರಿಗೆ ಕೋಟು ತೊಡಿಸಿದ್ದಕ್ಕೆ ಲೆಕ್ಕವಿಲ್ಲ. ಅದರಲ್ಲಿ ನನಗೆ ಯಾವತ್ತೂ ಪಾಪ ಕಂಡಿರಲಿಲ್ಲ. ಹೊಟ್ಟೆಪಾಡು.

ಅಜ್ಜಿಯದು ಒಂದೇ ಒಳ್ಳೆಯ ಫೋಟೋ ಇತ್ತು, ನಿವೃತ್ತಿಯ ದಿನದ್ದು. ಒಗೆಯುವ ಯಂತ್ರದ ಮುಂದೆ ಎಂಟು ಹೆಂಗಸರು ಸಾಲಾಗಿ ನಿಂತಿದ್ದಾರೆ. ಅಜ್ಜಿ ನಡುವೆ, ರಬ್ಬರಿನ ಏಪ್ರನ್ ಕಟ್ಟಿ, ತೋಳು ಮಡಚಿ, ಎರಡು ಕೈಯನ್ನೂ ಹೊಟ್ಟೆಯ ಮುಂದೆ ಇಟ್ಟುಕೊಂಡು ಬಾಯಿ ತುಂಬ ನಗುತ್ತಿದ್ದಾಳೆ. ಮೇಲಿನ ಎರಡು ಹಲ್ಲಿಲ್ಲ.

ದೊಡ್ಡಪ್ಪ ಆ ಫೋಟೋವನ್ನು ಬೆರಳ ತುದಿಯಲ್ಲಿ ಹಿಡಿದ. "ಅಮ್ಮನ್ನ ಮಾತ್ರ ಕತ್ತರಿಸ್ಕೋ. ಆ ಏಪ್ರನ್ ತೆಗಿ. ಒಳ್ಳೆ ರೇಷ್ಮೆ ಶಾಲು, ಕುತ್ತಿಗೆಗೆ ಮುತ್ತಿನ ಸರ. ಹಲ್ಲು ಹಾಕು. ಕೆನ್ನೆ ಸ್ವಲ್ಪ ತುಂಬಿಸು." ಆಮೇಲೆ ದನಿ ತಗ್ಗಿಸಿದ. "ಆ ಕೈ... ಅದನ್ನೂ ನೋಡು. ಜನ ಊಟಕ್ಕೆ ಕೂರೋ ಕಡೆ ಅಂಥ ಕೈ ಬೇಡ."

ನಾನು ಫೋಟೋವನ್ನು ಅವನ ಕೈಯಿಂದ ತೆಗೆದುಕೊಂಡೆ.

"ಆ ಕೈಯಿಂದ್ಲೇ ಅಲ್ವಾ ದೊಡ್ಡಪ್ಪ ನಿಮಗೆ ಊಟ ಬಡಿಸಿದ್ದು?"

"ನೋಡಪ್ಪ, ನಿನ್ನ ಮಗಳ ಬಾಯಿ," ಎಂದ ಅಪ್ಪನಿಗೆ.

"ನಾನು ಮಾಡಲ್ಲ."

ಎರಡು ದಿನ ಮನೆಯಲ್ಲಿ ಅದೇ ಜಗಳ. ಅಪ್ಪ ತಟ್ಟೆಯ ಮುಂದೆ ಕೂತು ಆಲೂಗಡ್ಡೆ ಕಿವುಚುತ್ತಾ, "ಅಣ್ಣ ಬೇರೆಯವರ ಹತ್ರ ಮಾಡಿಸ್ತಾನೆ ಅಷ್ಟೇ. ನೀನು ಮಾಡಿದ್ರೆ ಮುಖನಾದ್ರೂ ಅವಳದ್ದಾಗಿರುತ್ತೆ," ಎಂದ. ಅಮ್ಮ ಅವನಿಗೆ ಉಪ್ಪಿನ ಡಬ್ಬಿ ತಳ್ಳಿ, "ಮುಖ ಏನಾದ್ರೂ ಮಾಡ್ಕೊಳ್ಳಿ. ಕೈ ಮಾತ್ರ ಮುಟ್ಟಬೇಡ ಕಣೇ," ಎಂದಳು ನನಗೆ. "ಎಂಟು ತಿಂಗಳು ಆ ಕೈ ಹಿಡ್ಕೊಂಡು ಕೂತಿದೀನಿ ನಾನು."

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಅಜ್ಜಿಯ ಜೊತೆ ದುಡಿದ ಹೆಂಗಸರಿಗೆ ಅವಳು ಸತ್ತ ಸುದ್ದಿಯನ್ನೇ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಬೇಡ ಎಂದಿದ್ದ, ಅಪ್ಪ ತಲೆಯಾಡಿಸಿದ್ದ. ಅಜ್ಜಿಯ ಬಾಯಲ್ಲಿ ಯಾವಾಗಲೂ ಅವರದೇ ಮಾತು. ನೂರೈವತ್ತು ಜನ ಕಂಡು ಕೇಳದವರು ಬಂದು ಊಟ ಮಾಡಿಹೋಗಲಿ, ಅವಳನ್ನು ಕಂಡ ಮೂರು ಜನವಾದರೂ ಅಲ್ಲಿ ಕೂರಬೇಕು ಎಂದು ನನಗೆ ಹಟ ಹುಟ್ಟಿತು. ದೊಡ್ಡಪ್ಪನ ಅಂಗಡಿಗೆ ಹೋದೆ. ಅವನು ಒಂದು ಕಮೋಡಿನ ಮುಚ್ಚಳ ಎತ್ತಿ ಗಿರಾಕಿಗೆ ತೋರಿಸುತ್ತಿದ್ದ.

"ಫೋಟೋ ಮಾಡ್ತೀನಿ," ಎಂದೆ. "ನೀವು ಹೇಳಿದ ಹಾಗೇ. ಆದ್ರೆ ಬಟ್ಟೆ ವಿಭಾಗದವರನ್ನ ಕರೀಬೇಕು."

ದೊಡ್ಡಪ್ಪ ಸುತ್ತ ನೋಡಿದ. "ಅವರೆಲ್ಲ ಯಾಕೆ ಈಗ?"

"ಅವರು ಬರದಿದ್ರೆ ಫೋಟೋ ಇಲ್ಲ. ಅಮ್ಮ ಬರಲ್ಲ, ನಾನೂ ಬರಲ್ಲ. ಬಂದವರು ಕೇಳಿದ್ರೆ ಏನು ಹೇಳ್ತೀರೋ ಹೇಳ್ಕೊಳ್ಳಿ."

ಅವನು ಮುಚ್ಚಳವನ್ನು ಮೆಲ್ಲಗೆ ಇಳಿಸಿದ. "ಆಯ್ತು ಮಾರಾಯ್ತಿ. ಮೂರು ಜನ. ಹಿಂದಿನ ಸಾಲು. ಯಾರು ಏನು ಅಂತ ಮೈಕಲ್ಲಿ ಹೇಳೋದು ಬೇಡ."

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ನನ್ನ ಬುದ್ಧಿಗಿಷ್ಟು.

ಫೋಟೋ ಮಾಡಲು ಮೂರು ದಿನ ಹಿಡಿಯಿತು. ಮೊದಲು ಅಕ್ಕಪಕ್ಕದ ಏಳು ಜನರನ್ನು ಅಳಿಸಿದೆ. ಯಂತ್ರದ ಜಾಗಕ್ಕೆ ಒಂದು ನೀಲಿ ಪರದೆ ಎಳೆದೆ. ಹಲ್ಲು ಕೂರಿಸಿದೆ, ನಗುವನ್ನು ಅರ್ಧ ಮುಚ್ಚಿದೆ, ಕೆನ್ನೆಯ ಗುಳಿ ತುಂಬಿದೆ, ಕೂದಲಿಗೆ ಕಪ್ಪು ಬಳಿದೆ. ಕೈಗಳಿಗಾಗಿ ನಮ್ಮ ಸ್ಟುಡಿಯೋದ ಹಳೇ ಫೈಲುಗಳನ್ನು ಹುಡುಕಿದೆ. ಬಳೆ ಅಂಗಡಿಯ ಜಾಹೀರಾತಿಗೆಂದು ತೆಗೆದ ಒಂದು ಹೆಂಗಸಿನ ಕೈ ಸಿಕ್ಕಿತು. ಮೈದಾ ಹಿಟ್ಟಿನಿಂದ ಮಾಡಿದಂಥ ನುಣುಪು ಕೈ, ಉದ್ದುದ್ದ ಉಗುರು. ಅದನ್ನು ಅಜ್ಜಿಯ ಮಣಿಕಟ್ಟಿಗೆ ಅಂಟಿಸಿ, ನೆರಳು ಹೊಂದಿಸಿ, ಎರಡು ಸುಕ್ಕು ಹಾಕಿದೆ. ಸುಳ್ಳು ಯಾಕೆ ಹೇಳಲಿ, ಕೆಲಸ ಬಹಳ ಚೆನ್ನಾಗಿ ಬಂದಿತ್ತು. ನಮ್ಮ ಮಾಲೀಕ ಹಿಂದೆ ನಿಂತು, "ಜೋಡಣೆ ಎಲ್ಲೂ ಕಾಣಲ್ಲ ನೋಡು, ಕೈಗೆ ಚಿನ್ನದ ಕಡಗ ಹಾಕ್ಬೇಕು ನಿಂಗೆ," ಎಂದ. ನಾನು ಹಿಗ್ಗಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಮ್ಮ ಪ್ರಿಂಟು ನೋಡಿದಳು. ಅವತ್ತು ರಾತ್ರಿ ನನಗೆ ಊಟ ಬಡಿಸಲಿಲ್ಲ, ನಾನೇ ಬಡಿಸಿಕೊಂಡೆ.

ಮೂರನೇ ವಾರ ಅತ್ತೆ ಬಂದಳು, ಪುಸ್ತಕಕ್ಕೆ ಬರೆದದ್ದನ್ನು ಓದಿ ತೋರಿಸಲು. ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು. "ನಮ್ಮ ತಾಯಿ ಹೂವಿನಂಥವರು. ಮನೆಯ ಹೊಸ್ತಿಲೇ ಅವರ ಜಗತ್ತು. ಒಂದು ದಿನವೂ ಹೊರಗಿನ ದುಡಿಮೆಯ ಬಿಸಿ ಅವರಿಗೆ ತಾಕಲಿಲ್ಲ. ಕೊಳೆ ಎಂಬುದು ಅವರ ಬೆರಳನ್ನು ಸೋಕಲಿಲ್ಲ..."

"ಯಾರಿಗೆ ಬರ್ದಿದೀರ ಅತ್ತಿಗೆ ಇದನ್ನ?" ಅಮ್ಮ ಕೇಳಿದಳು.

"ಏನಮ್ಮ ಹಂಗಂದ್ರೆ? ಅಮ್ಮನಿಗೆ."

"ಮೂವತ್ತೊಂದು ವರ್ಷ ಎಲ್ಲಿಗೆ ಹೋಗ್ತಿದ್ರು ಹಾಗಾದ್ರೆ? ವಾಕಿಂಗಾ?"

ಅತ್ತೆಯ ಮುಖ ಕೆಂಪಾಯಿತು. "ನಿಂಗೆ ಗೊತ್ತಾಗಲ್ಲ. ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ ಗೊತ್ತಾ? ಆಸ್ಪತ್ರೆ ಹೆಣದ ಬಟ್ಟೆ ಒಗೆಯೋಳ ಮಗಳು ಅಂತ. ನನ್ನ ಊಟದ ಡಬ್ಬಿ ದೂರ ಇಡಿಸ್ತಿದ್ರು. ನಾನು ಅನುಭವಿಸಿದ್ದು ಸಾಕು. ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದು ಬೇಡ."

ಅದು ನಿಜವಿರಬೇಕು. ಆ ಒಂದು ಗಳಿಗೆ ನನಗೆ ಪಾಪ ಅನ್ನಿಸಿತು.

"ಆಗ ಅಜ್ಜಿ ಏನು ಮಾಡಿದ್ಲು ಅತ್ತೆ?" ಎಂದೆ.

"ಏನು ಮಾಡ್ತಾಳೆ? ಶಾಲೆಗೆ ಬಂದು ಜಗಳ ಆಡಿದ್ಲು. ಎಲ್ಲರೆದುರು ಆ ಕೈ ಎತ್ತಿ ತೋರಿಸಿ, ನಿಮ್ಮನೆ ಹೆರಿಗೆ ಬಟ್ಟೆ ಒಗೆದಿರೋದೂ ಇದೇ ಕೈ ಅಂತ. ನಂಗೆ ನೆಲ ಬಾಯಿ ಬಿಟ್ರೆ ಸಾಕಾಗಿತ್ತು."

"ಅದನ್ನ ಬರೀರಿ ಅತ್ತೆ. ಅದು ಅಜ್ಜಿ."

"ಹುಚ್ಚುಮುಂಡೇದೇ," ಎಂದು ಅತ್ತೆ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಗಳ ಪರ ಬಂದು ನಿಂತ ತಾಯಿಯನ್ನು ಐವತ್ತು ವರ್ಷ ಅವಮಾನವೆಂದು ಹೊತ್ತು ತಿರುಗಿದ್ದಾಳೆ ಈ ಹೆಂಗಸು. ಅವಳು ಬಿಟ್ಟುಹೋದ ಚಹಾ ಕಪ್ಪನ್ನು ಅಮ್ಮ ಸಿಂಕಿಗೆ ಎತ್ತಿಹಾಕಿದ ರಭಸಕ್ಕೆ ಅದರ ಕಿವಿ ಮುರಿಯಿತು.

ಮರುದಿನ ಕೆಲಸ ಮುಗಿಸಿ ನಾನು ಆಸ್ಪತ್ರೆಯ ಹಿಂದಿನ ಕೆಲಸಗಾರರ ಕ್ವಾರ್ಟರ್ಸ್‌ಗೆ ಹೋದೆ. ಅಜ್ಜಿಯ ಬಾಯಿಂದ ಕೇಳಿದ್ದ ಹೆಸರು ಒಂದೇ, ಇಸ್ತ್ರಿಯಮ್ಮ. ಒಂದು ಕೋಣೆಯ ಮನೆ, ಹೊರಗೆ ನಲ್ಲಿ, ಸಾಲಾಗಿ ಒಣಗಿದ ಬಟ್ಟೆ. ಬಾಗಿಲಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತ ಮುದುಕಿಯೇ ಅವಳು, ಒಂದು ಕಣ್ಣಿಗೆ ಪೊರೆ. ಪಕ್ಕದಲ್ಲಿ ಇನ್ನಿಬ್ಬರು. ಮೂವರೂ ಬಟಾಣಿ ಸುಲಿಯುತ್ತಿದ್ದರು.

ನಾನು ಅಜ್ಜಿಯ ಹೆಸರು ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಆ ಹೆಸರಿನೋರು ಯಾರೂ ಇರಲಿಲ್ಲವಲ್ಲ ಮಗಾ."

"ಹೆರಿಗೆ ವಾರ್ಡಿನ ತೊಟ್ಟಿ ನೋಡ್ಕೊಳ್ತಿದ್ರು. ಮುಂದಿನ ಹಲ್ಲು ಎರಡಿಲ್ಲ."

"ಅಯ್ಯೋ, ನೊರೆ! ನೊರೆಯಕ್ಕ ಅನ್ನಬಾರ್ದಾ? ನೀನು ಅವಳ ಮೊಮ್ಮಗಳಾ? ಹೆಂಗಿದಾಳೆ ನಮ್ಮ ನೊರೆ?"

ಹೇಳಿದೆ. ಇಸ್ತ್ರಿಯಮ್ಮನ ಕೈಯಲ್ಲಿದ್ದ ಬಟಾಣಿ ಹಾಗೇ ನಿಂತಿತು. ಯಾರೂ ಅಳಲಿಲ್ಲ. ಅವಳು, "ಎಷ್ಟು ದಿನ ಆಯ್ತು?" ಎಂದಳು.

"ಮೂರು ವಾರ."

"ಹೇಳಲೇ ಇಲ್ವಲ್ಲೇ ಯಾರೂ," ಎಂದಳು ಎರಡನೆಯವಳು.

ನಾನು ಏನೋ ತೊದಲಿದೆ. ಅವರು ಬಯ್ಯಲಿಲ್ಲ. ಚಹಾ ಕೊಟ್ಟರು. ಒಂದೊಂದೇ ಮಾತು ಹೊರಗೆ ಬಂತು. ಹೆರಿಗೆಯಲ್ಲಿ ಸತ್ತವಳ ಬಟ್ಟೆ ಬಂದರೆ ಅಜ್ಜಿ ಬೇರೆ ಯಾರಿಗೂ ಕೊಡದೆ ತಾನೇ ಒಗೆಯುತ್ತಿದ್ದಳಂತೆ. ಮೇಲ್ವಿಚಾರಕ ಕೈಗವಸು ಕೊಡದಿದ್ದಾಗ ಅವನ ಊಟದ ತಟ್ಟೆಯನ್ನು ಬ್ಲೀಚಿಂಗ್ ತೊಟ್ಟಿಗೆ ಎಸೆದು, "ಈಗ ಬರಿಗೈಲಿ ತಗೋ," ಎಂದಳಂತೆ. ಅದಕ್ಕೆ ವಾರದ ಸಂಬಳ ಹೋಯಿತು. ಮೂರನೇ ದಿನ ಎಲ್ಲರಿಗೂ ಕೈಗವಸು ಬಂತು. ಅಷ್ಟರಲ್ಲಿ ಅವಳ ಉಗುರು ಹೋಗಿದ್ದವು. ಹೇಳುತ್ತಾ ಮೂವರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಜ್ಜಿ ಸತ್ತ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಇನ್ನು ಮೂರನೇ ಭಾನುವಾರ ಅವಳ ನೆನಪಿಗೆ ಸಭೆ ಇದೆ," ಎಂದೆ. "ನೀವು ಬರಲೇಬೇಕು. ನಾನೇ ಆಟೋ ಕಳಿಸ್ತೀನಿ."

"ಬರದೇ ಇರ್ತೀವಾ? ನೊರೆದು ಅಂದ್ರೆ!" ಇಸ್ತ್ರಿಯಮ್ಮ ನನ್ನ ಕೆನ್ನೆ ಸವರಿದಳು. ಗರಗರ ಎಂದಿತು. "ನೀನೊಬ್ಳು ಅವಳ ಹೆಸರು ಉಳಿಸಿದೆ ನೋಡು."

ಆ ಮಾತು ಕೇಳಿ ಬೀಗುತ್ತಾ ಮನೆಗೆ ಬಂದೆ.

ಐದನೇ ಭಾನುವಾರ. ಹಾಲ್‌ನ ಬಾಗಿಲಲ್ಲೇ ಫೋಟೋ, ಆಳೆತ್ತರ, ಸುತ್ತ ಬಿಳಿ ಹೂವು. ಮೇಲೆ ಬಣ್ಣದ ಬ್ಯಾನರು. 'ಮಾತೃಶ್ರೀ' ಎಂದು ಶುರುವಾಗಿ ಅಜ್ಜಿಯ ಪೂರ್ತಿ ಹೆಸರು, ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ದೊಡ್ಡಪ್ಪನ ಅಂಗಡಿಯ ಹೆಸರು. ಬಂದವರೆಲ್ಲ ವರ್ತಕರು. ಪೈಂಟಿನವನು, ಕಬ್ಬಿಣದವನು, ಗಾಜಿನವನು. ಫೋಟೋ ಮುಂದೆ ಎರಡು ನಿಮಿಷ ನಿಂತು, "ಎಂಥ ಕಳೆ ಇದೆ ಮುಖದಲ್ಲಿ, ರಾಣಿ ಇದ್ದ ಹಾಗೆ," ಎಂದು ದೊಡ್ಡಪ್ಪನ ಕೈ ಕುಲುಕಿ, ಊಟ ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ದೊಡ್ಡಮ್ಮ ಅಳಲು ಒಂದು ಹೊಸ ಕರ್ಚೀಫು ತಂದಿದ್ದಳು. ಅದರ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.

ಮೂವರು ಮುದುಕಿಯರೂ ಬಂದರು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಗೆರೆ ಮುರಿದಿರಲಿಲ್ಲ. ನಾನು ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, "ಇನ್ನೇನು ಶುರುವಾಗುತ್ತೆ," ಎಂದೆ. ಅಷ್ಟರಲ್ಲಿ ದೊಡ್ಡಪ್ಪ ಮೈಕು ಕಿರುಚುತ್ತಿದೆ ಎಂದು ಕೂಗಿದ. ನಾನು ಆ ಕಡೆ ಓಡಿದೆ.

ದೊಡ್ಡಪ್ಪ ಮಾತಾಡಿದ. ತಾಯಿ ಕಲಿಸಿದ ಶುಚಿತ್ವವೇ ತನ್ನ ವ್ಯಾಪಾರದ ಬುನಾದಿ ಎಂದ. ಅತ್ತೆ ಓದಿದಳು, ಬೆಣ್ಣೆಯಿಂದ ಕೂದಲು ತೆಗೆದಂತೆ. ಒಂದು ದಿನವೂ ದುಡಿಮೆಯ ಬಿಸಿ ತಾಕಲಿಲ್ಲ. ಕೊಳೆ ಬೆರಳನ್ನು ಸೋಕಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸಂಘದ ಹಳೆಯ ಅಧ್ಯಕ್ಷ ಎದ್ದು, ಇಂಥ ತಾಯಿಯ ಮಗನ ಕೈಗೆ ಸಂಘ ಒಪ್ಪಿಸಿದರೆ ತಪ್ಪೇನು ಎಂದ. ಮತ್ತೆ ಚಪ್ಪಾಳೆ. ಅಪ್ಪನನ್ನೂ ಕರೆದರು. ಅಪ್ಪ ಮೈಕಿನ ಮುಂದೆ ನಿಂತ. ಹೇಳು ಅಪ್ಪ, ಒಂದು ಮಾತು ಹೇಳು ಎಂದು ನಾನು ಮೈಕಿನ ಡಬ್ಬದ ಹಿಂದೆ ಉಗುರು ಕಚ್ಚುತ್ತಿದ್ದೆ. ಅವನು ಕೆಮ್ಮಿ, "ಅಣ್ಣ ಅಕ್ಕ ಎಲ್ಲ ಹೇಳಿದಾರೆ. ನಂದೇನಿಲ್ಲ," ಎಂದು ಇಳಿದುಬಿಟ್ಟ.

ಥೂ ಎನ್ನಿಸಿತು. ಹೆತ್ತಪ್ಪನ ಮೇಲೆ.

ನಡುನಡುವೆ ಹಿಂದಿನ ಸಾಲಿನ ಕಡೆ ನೋಡಿದೆ. ಒಬ್ಬಳು ತೂಕಡಿಸುತ್ತಿದ್ದಳು. ಇಸ್ತ್ರಿಯಮ್ಮ ಮಾತ್ರ ನೆಟ್ಟಗೆ, ತೊಡೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಅಜ್ಜಿಯ ಹೆಸರಿಗೆ, ಅತ್ತೆಯ ಮಾತಿಗೆ, ಚಪ್ಪಾಳೆಗೆ ಅವಳ ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ.

ಸಭೆ ಮುಗಿದು ಜನ ಊಟದ ಮೇಜಿಗೆ ನುಗ್ಗಿದರು. ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಟ್ಟರು. ಗಾಜಿನವನು ಸಿಹಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ್ದನ್ನು ನಾನೇ ಕಂಡೆ. ಒಂದು ಗಂಟೆಯಲ್ಲಿ ಹಾಲ್ ಖಾಲಿ. ಕುರ್ಚಿಯವರು ಬಂದು ಕುರ್ಚಿ ಪೇರಿಸತೊಡಗಿದರು. ಹಿಂದಿನ ಸಾಲಿನ ಮೂರು ಕುರ್ಚಿ ಮಾತ್ರ ಖಾಲಿಯಾಗಿರಲಿಲ್ಲ.

ಅಮ್ಮ ಅವರ ಹತ್ತಿರ ನಿಂತಿದ್ದಳು. "ಊಟಕ್ಕೆ ಏಳ್ತಾನೇ ಇಲ್ಲ ಕಣೇ, ಎಷ್ಟು ಕರೆದ್ರೂ," ಎಂದಳು ನನಗೆ.

"ಆಗಲಿ ಬಿಡಮ್ಮ, ಹಸಿವೇನಿಲ್ಲ," ಎಂದಳು ಇಸ್ತ್ರಿಯಮ್ಮ. "ನಮ್ಮವಳದ್ದೂ ಆಗಲಿ, ಆಮೇಲೆ ಉಣ್ತೀವಿ. ಅವಳ ಸರದಿ ಯಾವಾಗ ಮಗಾ?"

"ಯಾವ ಸರದಿ?" ಎಂದೆ.

"ಆಸ್ಪತ್ರೇಲಿ ನಮ್ದೂ ಹಿಂಗೇ ಅಲ್ವಾ. ವರ್ಷಕ್ಕೊಂದ್ಸಲ ಸತ್ತೋರನ್ನೆಲ್ಲ ಒಟ್ಟಿಗೆ ನೆನೀತೀವಿ. ಒಬ್ಬರಾದ ಮೇಲೆ ಒಬ್ಬರದ್ದು. ಅವರವರ ಜೊತೆಯೋರು ಕಾದು ಕೂತಿದ್ದು, ಸರದಿ ಬಂದಾಗ ಎದ್ದು ಹೇಳೋದು. ಈ ದೊಡ್ಡಮನೆ ಅಮ್ಮಂದು ಮುಗೀತಲ್ಲ, ಇನ್ನು ನೊರೆದು ತಾನೇ?"

ಅಮ್ಮ ಮುಖ ಆ ಕಡೆ ತಿರುಗಿಸಿದಳು. ಅಪ್ಪ ಅಲ್ಲೇ ಕಂಬದ ಪಕ್ಕ ಇದ್ದ. ಅವನಿಗೂ ಕೇಳಿಸಿತ್ತು, ಅಲ್ಲಾಡಲಿಲ್ಲ.

"ಅಜ್ಜೀದೇ ಆಗಿದ್ದು," ಎಂದೆ. "ಅದು ಅಜ್ಜೀನೇ."

ಇಸ್ತ್ರಿಯಮ್ಮ ಎದ್ದಳು. ಕಷ್ಟಪಟ್ಟು ನಡೆದು ಬಾಗಿಲ ಬಳಿಯ ಫೋಟೋ ಮುಂದೆ ನಿಂತು, ಪೊರೆಯಿಲ್ಲದ ಕಣ್ಣನ್ನು ಮುಖದ ಹತ್ತಿರ ಒಯ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗೆ, ಕೈಗಳನ್ನು ನೋಡಿದಳು.

"ಒಂದು ದಿನಾನೂ ದುಡೀಲಿಲ್ಲ ಅಂದ್ರಲ್ಲ ಆ ಟೀಚರಮ್ಮ," ಎಂದಳು ಮೆಲ್ಲಗೆ. "ಕೊಳೆ ಮುಟ್ಟಲಿಲ್ಲ ಅಂದ್ರಲ್ಲ. ನಾನು ಯಾವಳೋ ಮೈಗಳ್ಳಿ ಸತ್ತಿರ್ಬೇಕು, ಪಾಪ ಹೊಗಳೋಕೆ ಬೇರೇನೂ ಸಿಕ್ಕಿಲ್ಲ ಅಂದ್ಕೊಂಡೆ. ಅಷ್ಟು ಹೊತ್ತೂ ಬೈದಿದ್ದು ನಮ್ಮ ನೊರೆಗಾ?"

ದೊಡ್ಡಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. ಮುದುಕಿಯರು ಫೋಟೋ ಮೆಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡನೋ ಏನೋ.

"ಚೆನ್ನಾಗಿ ಬಂದಿದೆ ಅಲ್ವಾ? ಹೊರಗಿನವರು ಯಾರೂ ಮಾಡಿದ್ದಲ್ಲ," ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ನಮ್ಮ ಹುಡುಗೀದೇ ಕೈಚಳಕ. ಆ ಕೈ ನೋಡಿ, ಬೇರೆಯವರದ್ದು ಅಂತ ಯಾರಾದ್ರೂ ಹೇಳ್ಬೇಕು!"

ಇಸ್ತ್ರಿಯಮ್ಮ ನನ್ನ ಕಡೆ ತಿರುಗಿದಳು. ನಾನು ದೊಡ್ಡಪ್ಪನ ಕೈ ಕೊಡವಿದೆ. "ನಿಮ್ಮನ್ನ ಕರೀಬೇಕು ಅಂತಲೇ ಒಪ್ಕೊಂಡೆ," ಎಂದೆ. "ಫೋಟೋ ಮಾಡದಿದ್ರೆ ನಿಮ್ಮನ್ನ ಕರೆಯೋಕೆ ಬಿಡ್ತಿರಲಿಲ್ಲ."

"ನಮ್ಮನ್ನ ಕರೆದೆ ಮಗಾ," ಎಂದಳು. "ಅವಳನ್ನ ಕರೀಲೇ ಇಲ್ವಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಖಕ್ಕೆ ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಅಷ್ಟೇ. ಅಮ್ಮ ಊಟದ ಪೊಟ್ಟಣ ಕಟ್ಟಿಸುತ್ತೇನೆ ಎಂದಳು, ಬೇಡ ಎಂದಳು. ಆಟೋ ತರುತ್ತೇನೆ ಎಂದು ನಾನು ಮುಂದೆ ಹೋದೆ. ಅದಕ್ಕೂ ಬೇಡವೆಂದು ಕೈಯಾಡಿಸಿದಳು. ಆಮೇಲೆ ಇನ್ನೂ ಕುರ್ಚಿಯಲ್ಲೇ ಕಾಯುತ್ತಿದ್ದ ಇಬ್ಬರನ್ನು ಕೂಗಿದಳು.

"ಏಳ್ರೇ, ಹೋಗೋಣ. ನೊರೆ ಇಲ್ಲಿಗೆ ಬಂದೇ ಇಲ್ಲ."